ಪಂಕ್ತಿಯ ಹಸಿವು

ಒಬ್ಬನ ಹೊಟ್ಟೆಯೊಳಗಿನ ಹಸಿವು ಪಕ್ಕದಲ್ಲಿ ಕೂತವನ ಹೊಟ್ಟೆಗೂ ಗೊತ್ತಾಗುವಂತಿದ್ದರೆ ಏನಾದೀತು? ಇಂಥ ಪ್ರಶ್ನೆಯನ್ನು ಯಾವ ವಿಜ್ಞಾನಿಯೂ ಕೇಳಿರಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಮಾತ್ರ ಸಿಕ್ಕಿಬಿಟ್ಟಿತು. ಅದೂ ಪ್ರಯೋಗಾಲಯದಲ್ಲಲ್ಲ, ಗೋಕಾಕದಲ್ಲಿ ಕರದಂಟು ಮಾರುವ ಅಡಿವೆಪ್ಪನ ಊಟದ ಮನೆಯಲ್ಲಿ.

ಅಡಿವೆಪ್ಪನ ಅಂಗಡಿಗೆ ಬೋರ್ಡು ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಅವನು ಕೂತರೆ ಮೊದಲು ಕಾಣುತ್ತಿದ್ದದ್ದು ಹೊಟ್ಟೆ, ಆಮೇಲೆ ಮುಖ. ಈ ಮನುಷ್ಯ ತನ್ನ ಸರಕನ್ನು ತಾನೇ ತಿನ್ನುತ್ತಾನೆ, ಹಾಗಾದರೆ ಸರಕು ಚೊಕ್ಕವಾಗಿರಬೇಕು ಎಂದು ಗಿರಾಕಿಗಳು ನಂಬಿ ಒಳಗೆ ಬರುತ್ತಿದ್ದರು. ಬೆಲ್ಲದ ಪಾಕ ಹದಕ್ಕೆ ಬಂತೇ ಎಂದು ಬೆಳಿಗ್ಗೆ ಒಂದು ಚೂರು, ಅಂಟು ಚೆನ್ನಾಗಿ ಅರಳಿದೆಯೇ ಎಂದು ಮಧ್ಯಾಹ್ನ ಒಂದು ಚೂರು, ಸಂಜೆ ಸುಮ್ಮನೆ ಒಂದು ಚೂರು. ಹೀಗೆ ಚೂರು ಚೂರಾಗಿ ಬೆಳೆದ ಹೊಟ್ಟೆ ಅದು.

ಅದಕ್ಕೆ ಅಡಿಪಾಯ ಹಾಕಿದವಳು ಅವನ ಅಕ್ಕ, ಮಹಾದೇವಿ. ತಾಯಿ ತೀರಿಕೊಂಡಾಗ ಅಡಿವೆಪ್ಪ ಇನ್ನೂ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬಾರದ ಹುಡುಗ. ಅಕ್ಕನೂ ದೊಡ್ಡವಳೇನಲ್ಲ. ಆದರೂ ರೊಟ್ಟಿ ಮುರಿದು, ಬೆಣ್ಣೆ ಸವರಿ, ತಮ್ಮನ ಬಾಯಿಗೆ ತುತ್ತಿಟ್ಟು ಬೆಳೆಸಿದಳು. 'ಈ ಹೊಟ್ಟಿ ನಾನ ಕಟ್ಟೇನಿ' ಎಂದು ಮದುವೆ ಮುಂಜಿಗಳಲ್ಲಿ ನಾಲ್ಕು ಜನರ ಮುಂದೆ ಅದನ್ನು ತಟ್ಟಿ ತೋರಿಸುತ್ತಿದ್ದಳು.

ಅಂಥ ಅಕ್ಕನ ಲಿವರ್ ಕೈಕೊಟ್ಟಿತು. ಮುಖ ಹಳದಿಗೆ ತಿರುಗಿತು, ಹೊಟ್ಟೆಯಲ್ಲಿ ನೀರು ತುಂಬಿತು, ಊಟ ಸೇರದಾಯಿತು. ತಟ್ಟೆಯ ಮುಂದೆ ಕೂತರೆ ಎರಡು ತುತ್ತಿಗೆ 'ಸಾಕು' ಎನ್ನುತ್ತಿದ್ದಳು. ಯಾರಾದರೂ ತಮ್ಮ ಲಿವರಿನ ಅರ್ಧ ಕೊಟ್ಟರೆ ಬದುಕುತ್ತಾಳೆ ಎಂದರು ಬೆಳಗಾವಿಯ ವೈದ್ಯರು. ಅವಳ ಗಂಡ ರುದ್ರಗೌಡರ ರಕ್ತದ ಗುಂಪು ಹೊಂದಲಿಲ್ಲ. ಅಡಿವೆಪ್ಪನದು ಹೊಂದಿತು. ಅವನು ಅಂಗಿಯನ್ನು ಮೇಲೆತ್ತಿ ಆಗಲೇ ಕೊಯ್ಯಿರಿ ಎಂಬಂತೆ ನಿಂತ. ಆದರೆ ಸ್ಕ್ಯಾನಿನ ಚಿತ್ರ ನೋಡಿದ ಶಸ್ತ್ರವೈದ್ಯರು ಮುಖ ಹುಳ್ಳಗೆ ಮಾಡಿದರು.

"ಅಡಿವೆಪ್ಪನವರ, ನಿಮ್ಮ ಲಿವರ್ ತುಂಬ ಕೊಬ್ಬೈತ್ರಿ. ಇದನ್ನ ಕೊಟ್ರ ಅಕ್ಕಾವ್ರಿಗೂ ಉಪಯೋಗಿಲ್ಲ, ಉಳಿದದ್ದರ ಮ್ಯಾಲ ನೀವೂ ಬದಕಾಂಗಿಲ್ಲ. ಮೂರು ತಿಂಗಳದಾಗ ಕೊಬ್ಬು ಇಳಿಸಿಕೊಂಡು ಬರ್ರಿ. ಅದಕ್ಕಿಂತ ಹೆಚ್ಚು ಅವರು ಕಾಯೂದು ಕಷ್ಟ."

ಅಕ್ಕ ಕಟ್ಟಿದ ಹೊಟ್ಟೆ ಈಗ ಅಕ್ಕನ ಜೀವಕ್ಕೇ ಅಡ್ಡ ನಿಂತಿತ್ತು. ಅಡಿವೆಪ್ಪ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತ. ಅತ್ತು ಸುಸ್ತಾಗಿ, ಅಭ್ಯಾಸಬಲದಿಂದ ಜೇಬಿನಿಂದ ಒಂದು ಕರದಂಟು ತೆಗೆದ. ಅದನ್ನು ಕಂಡು ಇನ್ನಷ್ಟು ಅತ್ತ.

ಅದೇ ಆಸ್ಪತ್ರೆಯ ಹಿಂಭಾಗದಲ್ಲಿ ಜಠರ ಸಂಶೋಧನಾಲಯವೊಂದಿತ್ತು. ಅದರ ಮುಖ್ಯಸ್ಥೆ ಡಾಕ್ಟರ್ ನಸೀಮಾ ಸನದಿ. ಕೊಬ್ಬು ಕರಗಿಸುವ ಹೊಸ ಪ್ರಯೋಗಕ್ಕೆ ಜನ ಸಿಗದೆ ಒದ್ದಾಡುತ್ತಿದ್ದ ಅವರ ಬಳಿಗೆ ಶಸ್ತ್ರವೈದ್ಯರು ಅಡಿವೆಪ್ಪನನ್ನು ಕಳಿಸಿದರು.

"ದಿನಾ ಪ್ರೋಟೀನ್ ಏನು ತಿಂತೀರಿ?" ಎಂದು ಸನದಿಯವರು ಕೇಳಿದರು.

ಅಡಿವೆಪ್ಪನ ಮುಖ ಅರಳಿತು. "ನಮ್ಮ ಕರದಂಟಿನ್ಯಾಗ ಎಲ್ಲಾ ಅದ ಐತ್ರಿ ಮೇಡಮ್. ಗೋಡಂಬಿ, ಬದಾಮಿ. ಮ್ಯಾಲ ಮನ್ಯಾಗ ಶೇಂಗಾ ಹೋಳಿಗಿ, ಶೇಂಗಾ ಚಟ್ನಿ, ಶೇಂಗಾ ಉಂಡಿ."

"ಐತಿ, ಇಲ್ಲ ಅನ್ನಾಂಗಿಲ್ಲ. ಆದ್ರ ಶೇಂಗಾದಾಗ ಒಂದು ಪಾಲು ಪ್ರೋಟೀನ್ ಇದ್ರ ಎರಡು ಪಾಲು ಎಣ್ಣಿ ಐತಿ. ಗೋಡಂಬೀನೂ ಹಂಗ. ಅದರ ಮ್ಯಾಲ ನೀವು ಬೆಲ್ಲ ಸುರೀತೀರಿ, ತುಪ್ಪ ಸುರೀತೀರಿ. ಅದೇನು ಪ್ರೋಟೀನ್ ಊಟ ಅಲ್ರಿ, ಪ್ರೋಟೀನಿನ ಮದುವಿ ಊಟ."

"ಹಂಗಾರ ಏನು ತಿನ್ನಲ್ರಿ?"

"ಹೆಸರುಕಾಳು, ಹುರುಳಿ, ಮಡಿಕಿಕಾಳು, ಕಡ್ಲಿ. ಎಣ್ಣಿ ಕಡಿಮಿ ಹಾಕಿದ ಕಡ್ಲಿಹಿಟ್ಟಿನ ಝುಣಕ. ಕೆನಿ ತಗದ ಮೊಸರು. ಸೋಯಾ. ಮೊಟ್ಟಿ ನಡೀತೈತೇನು?"

ಅಡಿವೆಪ್ಪ ಗಾಬರಿಯಿಂದ ಬಾಗಿಲ ಕಡೆ ನೋಡಿದ. ಗೋಕಾಕದಲ್ಲಿ ಕೂತ ಸೋದರತ್ತೆಗೆ ಆ ಮಾತು ಕೇಳಿಸಿತೇನೋ ಎಂಬ ಭಯ ಅವನಿಗೆ. ಸನದಿಯವರು ನಕ್ಕು ಮೊಟ್ಟೆಯನ್ನು ಕೈಬಿಟ್ಟರು.

ಬರೀ ಊಟ ಕಡಿಮೆ ಮಾಡಿದರೆ ದೇಹ ಕೊಬ್ಬಿನ ಜೊತೆಗೆ ಮಾಂಸಖಂಡವನ್ನೂ ತಿಂದುಹಾಕುತ್ತದೆ, ಪ್ರೋಟೀನ್ ಸಾಕಷ್ಟು ಸಿಕ್ಕರೆ ಮಾಂಸಖಂಡ ಉಳಿದು ಕೊಬ್ಬು ಕರಗುತ್ತದೆ ಎಂದು ಅವರು ತಿಳಿಸಿ ಹೇಳಿದರು. ಹೇಳುವುದೇನೋ ಸುಲಭ, ಬಾಯಿ ಕಟ್ಟುವವರು ಯಾರು? ಅದಕ್ಕಾಗಿಯೇ ಅವರು ಒಂದು ಗುಳಿಗೆ ಮಾಡಿದ್ದರು. ಹೆಸರುಕಾಳಿನಷ್ಟು ದಪ್ಪ. ನುಂಗಿದರೆ ಜಠರದ ಗೋಡೆಗೆ ಅಂಟಿಕೊಂಡು, ಐದಾರು ತಿಂಗಳಾದ ಮೇಲೆ ತಾನೇ ಕಳಚಿ ಬೀಳುತ್ತದೆ. ಅಲ್ಲಿರುವಷ್ಟು ದಿನ ಹೊಟ್ಟೆಯೊಳಗೆ ಪ್ರೋಟೀನ್ ಎಷ್ಟು ಬಂತು, ಹೊಟ್ಟೆ ಎಷ್ಟು ತುಂಬಿತು ಎಂದು ಅಳೆಯುತ್ತದೆ. ತಕ್ಕಷ್ಟು ಬಂದ ಕೂಡಲೆ ನರದ ಮೂಲಕ ಮಿದುಳಿಗೆ 'ಸಾಕು' ಎಂದು ಹೇಳುತ್ತದೆ. ಬೆಲ್ಲ ಸಕ್ಕರೆ ಬಂದರೆ ಲೆಕ್ಕಕ್ಕೇ ಹಿಡಿಯದೆ, 'ಇನ್ನೂ ಏನೂ ಬಂದಿಲ್ಲ' ಎಂದು ಬಾಯಿ ಬಡಿದುಕೊಳ್ಳುತ್ತದೆ. ಅದರ ಬ್ಯಾಟರಿ ಬಹಳ ಸಣ್ಣದು. ದೂರದ ನಿಯಂತ್ರಣ ಕೊಠಡಿಗೆ ಸುದ್ದಿ ಕಳಿಸುವಷ್ಟು ತ್ರಾಣ ಅದಕ್ಕಿಲ್ಲ. ಹತ್ತಿರದಲ್ಲಿ ಇನ್ನೊಂದು ಗುಳಿಗೆಯಿದ್ದರೆ ಅದರ ಕೈಗೆ ಸುದ್ದಿ ದಾಟಿಸಿ, ಅಲ್ಲಿಂದ ಮನೆಯಲ್ಲಿಟ್ಟ ಸಣ್ಣ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಕೊಠಡಿಗೆ ಮುಟ್ಟಿಸುವ ಏರ್ಪಾಡು ಮಾಡಿದ್ದರು. ಅದಕ್ಕೆ ಸರ್ಕಾರಿ ಕಾಗದದಲ್ಲಿ ಉದ್ದನೆಯ ಹೆಸರಿತ್ತು. ಎಲ್ಲರೂ 'ಸಾಕು ಗುಳಿಗೆ' ಎನ್ನುತ್ತಿದ್ದರು.

ಅಡಿವೆಪ್ಪ ಗುಳಿಗೆ ನುಂಗಿ, ಪ್ರಯೋಗಾಲಯದ ಪುಟ್ಟ ಖೋಲಿಯಲ್ಲಿ ಒಬ್ಬನೇ ಕೂತು ಹೆಸರುಕಾಳಿನ ಪಲ್ಯ ತಿಂದ. ಆಮೇಲೆ ಪರೀಕ್ಷೆಗೆಂದು ಹೋಳಿಗೆ ಇಟ್ಟರು. ಅವನ ಕೈ ಹೋಳಿಗೆಯತ್ತ ಹೋಗಲೇ ಇಲ್ಲ. ಜನ್ಮದಲ್ಲಿ ಮೊದಲ ಸಲ ಹೀಗಾದದ್ದು. ಜ್ವರ ಬಂತೇನೋ ಎಂದು ಅವನು ಹಣೆ ಮುಟ್ಟಿ ನೋಡಿಕೊಂಡ.

ಮನೆಯಲ್ಲಿ ಪೆಟ್ಟಿಗೆ ಕೂಡಿಸಲು ಸನದಿಯವರೇ ಗೋಕಾಕಕ್ಕೆ ಬಂದರು. ಚಿಕಿತ್ಸೆಗೆಂದು ಅಕ್ಕ ಮತ್ತು ರುದ್ರಗೌಡರು ಅಲ್ಲೇ ಬಂದು ಉಳಿದಿದ್ದರು. ಅಡಿವೆಪ್ಪನ ಹೆಂಡತಿ ಕಸ್ತೂರಿ, ಸೋದರತ್ತೆ ಬಸಲಿಂಗವ್ವ ಸೇರಿ ಮನೆಯಲ್ಲಿ ಐದು ಜನ. ಎಲ್ಲರೂ ಊಟದ ಮನೆಯಲ್ಲಿ ಒಂದೇ ಸಾಲಿಗೆ ಮಣೆ ಹಾಕಿಕೊಂಡು ಕೂತು ಉಣ್ಣುವವರು. ಆ ಸಾಲಿಗೆ ಬಸಲಿಂಗವ್ವತ್ತೆಯೇ ಸರ್ವಾಧಿಕಾರಿ. ಅವಳ ಕಾಯಿದೆ ಎರಡೇ. ಪಂಕ್ತಿಯಲ್ಲಿ ಒಬ್ಬರಿಗೆ ಬಡಿಸಿದ್ದನ್ನು ಎಲ್ಲರಿಗೂ ಬಡಿಸಬೇಕು. ಎಲ್ಲರಿಗೂ ಬಡಿಸುವ ತನಕ ಯಾರೂ ತಟ್ಟೆ ಮುಟ್ಟಬಾರದು. ಮುಟ್ಟಿದವರ ಕೈಗೆ ಸೌಟಿನ ಪೆಟ್ಟು ಬೀಳುತ್ತಿತ್ತು, ಅಳಿಯ ಮಗ ಎಂಬ ಭೇದವಿಲ್ಲ.

"ಈ ಗುಳಿಗಿ ಅಡಿವೆಪ್ಪಗ ಒಬ್ಬಗ ಕೊಟ್ಟೀರೇನು?" ಎಂದು ಅತ್ತೆ ಸನದಿಯವರನ್ನು ವಿಚಾರಿಸಿಕೊಂಡಳು.

"ಹೌದ್ರಿ ಅಮ್ಮಾ. ಅವರದ ಆಪರೇಶನ್ ಅಲ್ಲೇನ್ರಿ?"

"ನಮ್ಮ ಮನ್ಯಾಗ ಪಂಕ್ತಿಭೇದ ನಡ್ಯಾಂಗಿಲ್ಲ. ಗುಳಿಗಿ ಆದ್ರೇನು, ಹೋಳಿಗಿ ಆದ್ರೇನು? ಎಲ್ಲಾರಿಗೂ ಬಡಸ್ರಿ."

ಜನ ಸಿಗದೆ ಕಂಗಾಲಾಗಿದ್ದ ಸನದಿಯವರಿಗೆ ಒಂದೇ ಮನೆಯಲ್ಲಿ ಇಷ್ಟು ಜನ ತಾವಾಗಿ ಬಾಯಿ ತೆರೆದದ್ದು ಹಬ್ಬದಂತಾಯಿತು. ಸಹಿ ಹಾಕಿಸಿಕೊಂಡು ಕಸ್ತೂರಿಗೆ, ಅತ್ತೆಗೆ, ರುದ್ರಗೌಡರಿಗೆ ಒಂದೊಂದು ಕೊಟ್ಟರು. ರೋಗಿಗೆ ಮಾತ್ರ ಕೊಡುವಂತಿಲ್ಲ ಎಂದರು. ಅತ್ತೆ ತುಟಿ ಬಿಗಿದಳು, ಮಾತಾಡಲಿಲ್ಲ. ಅತ್ತೆ ಮಾತಾಡದಿದ್ದರೆ ಏನೋ ನಡೆಯಲಿದೆ ಎಂದೇ ಅರ್ಥ. ಸನದಿಯವರಿಗೆ ಅದು ಹೇಗೆ ಗೊತ್ತಾಗಬೇಕು?

ಮರುದಿನದಿಂದ ಊಟದ ಮನೆಯಲ್ಲಿ ವಿಚಿತ್ರಗಳು ಶುರುವಾದವು. ಅಡಿವೆಪ್ಪ ಒಂದು ಬಟ್ಟಲು ಮಡಿಕೆಕಾಳು ಮುಗಿಸಿದರೆ ಪಕ್ಕದಲ್ಲಿ ಅರ್ಧ ರೊಟ್ಟಿಯನ್ನೂ ಮುಟ್ಟದ ಕಸ್ತೂರಿ ತೇಗುತ್ತಿದ್ದಳು. ಅತ್ತೆ ಮೊಸರು ಕುಡಿದರೆ ರುದ್ರಗೌಡರು "ನನಗ ಸಾಕು" ಎಂದು ಎದ್ದುಬಿಡುತ್ತಿದ್ದರು. ರುದ್ರಗೌಡರು ನಿವೃತ್ತ ಪಿ.ಟಿ. ಮಾಸ್ತರರು. ಇದೆಲ್ಲ ತಮ್ಮ ಶಿಸ್ತಿನ ಫಲವೆಂದೇ ಅವರ ತಿಳುವಳಿಕೆ.

"ನೋಡಪಾ ಅಡಿವೆಪ್ಪಾ, ಮನಸ್ಸು ಗಟ್ಟಿ ಇದ್ರ ಹೊಟ್ಟಿ ತಾನ ಹೇಳಿದಂಗ ಕೇಳತೈತಿ. ನಾ ಮೂವತ್ತು ವರ್ಷ ಹುಡುಗರಿಗೆ ಇದನ್ನ ಹೇಳಿದ್ದು" ಎಂದು ಅವರು ಮೀಸೆ ತಿರುವಿದರು.

"ಹೌದ್ರಿ ಮಾಮಾ" ಎಂದ ಅಡಿವೆಪ್ಪ. ಅವನಿಗೂ ಕಾಲು ತಟ್ಟೆಗೇ ಹೊಟ್ಟೆ ತುಂಬುತ್ತಿತ್ತು. ಬರೀ ತುಂಬಿದ್ದಲ್ಲ, ಹೊಟ್ಟೆಯಲ್ಲಿ ಕಲ್ಲು ಇಟ್ಟಂತೆ, ಅನ್ನ ಕಂಡರೆ ಬೇಸರ ಬಂದಂತೆ. ಸಂಜೆಯಾದರೆ ಮಾತ್ರ ಎಲ್ಲಿಂದಲೋ ರಾಕ್ಷಸ ಹಸಿವು ಬಂದು ಅಪ್ಪಳಿಸುತ್ತಿತ್ತು. ಆ ಹೊತ್ತಿನಲ್ಲಿ ಅವನು ಗಲ್ಲಾದ ಹಿಂದೆ ಕೂತಿರುತ್ತಿದ್ದ. ಕೈಯಳತೆಯಲ್ಲೇ ಕರದಂಟಿನ ತಟ್ಟೆ.

ತಿಂಗಳ ಕೊನೆಗೆ ತೂಕವೇನೋ ಇಳಿದಿತ್ತು. ಆದರೆ ಕರಗಿದ್ದು ಮಾಂಸಖಂಡ, ಲಿವರಿನ ಕೊಬ್ಬು ಇದ್ದಲ್ಲೇ ಇತ್ತು. ಅಕ್ಕನ ಕಣ್ಣು ಇನ್ನಷ್ಟು ಹಳದಿಯಾಗಿತ್ತು. ಶಸ್ತ್ರವೈದ್ಯರು ಏನೂ ಬೈಯಲಿಲ್ಲ, ಬೇರೆ ಯಾರಾದರೂ ಸಂಬಂಧಿಕರು ಇದ್ದಾರೆಯೇ ಎಂದು ಮಾತ್ರ ಮೆತ್ತಗೆ ಕೇಳಿದರು. ಆ ಪ್ರಶ್ನೆ ಅಡಿವೆಪ್ಪನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಅತ್ತ ನಿಯಂತ್ರಣ ಕೊಠಡಿಯಲ್ಲಿ ಸನದಿಯವರು ಪರದೆಯ ಮುಂದೆ ತಲೆ ಕೆರೆದುಕೊಳ್ಳುತ್ತಿದ್ದರು. ಉಳಿದ ಮನೆಗಳ ಗೆರೆಗಳು ಒಂದೊಂದೂ ತನ್ನ ಪಾಡಿಗೆ ಏರಿಳಿಯುತ್ತಿದ್ದರೆ ಗೋಕಾಕದ ಗೆರೆಗಳೆಲ್ಲ ಕೈಕೈ ಹಿಡಿದುಕೊಂಡು ಹೊರಟಂತೆ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತಿದ್ದವು. ಅವುಗಳ ಮೇಲೆ ಒಂದು ಗೆರೆ ಮಾತ್ರ ಅಲುಗಾಡದೆ ನಿಂತಿತ್ತು. ಬೆಳಿಗ್ಗೆ, ಸಂಜೆ, ಊಟಕ್ಕೆ ಮೊದಲು, ಊಟದ ನಂತರ, ಯಾವಾಗ ನೋಡಿದರೂ 'ಸಾಕು, ಸಾಕು' ಎನ್ನುತ್ತಿತ್ತು. ಅವರು ಫೋನ್ ಹಚ್ಚಿದರು.

"ಅಡಿವೆಪ್ಪನವರ, ನಿಮ್ಮ ಮನ್ಯಾಗ ಗುಳಿಗಿ ನುಂಗಿದವರು ಎಷ್ಟು ಮಂದಿ?"

"ನಾಕು ಮಂದಿ ಮೇಡಮ್. ನೀವ ಕೊಟ್ಟೀರಲ್ರಿ."

"ನನಗ ಇಲ್ಲಿ ಐದು ಗೆರಿ ಕಾಣಾಕತ್ತಾವ!"

ಅವರು ಅದೇ ಮಧ್ಯಾಹ್ನ ಗೋಕಾಕಕ್ಕೆ ಓಡಿ ಬಂದರು. ಮನೆಮಂದಿಯನ್ನೆಲ್ಲ ಕೂಡಿಸಿ ವಿಚಾರಣೆ ನಡೆಸಬೇಕು ಎಂದುಕೊಂಡಿದ್ದರು. ಅಷ್ಟರ ಅಗತ್ಯವೇ ಬೀಳಲಿಲ್ಲ.

"ನಾನ ಕೊಟ್ಟೇನಿ" ಎಂದಳು ಅತ್ತೆ, ಸೊಂಟದ ಮೇಲೆ ಕೈಯಿಟ್ಟು. "ನೀವು ಟೇಬಲ್ ಮ್ಯಾಲ ಗುಳಿಗಿ ಪಟ್ಟಿ ಬಿಟ್ಟು ಚಹಾ ಕುಡ್ಯಾಕತ್ತಿದ್ರಿ. ಒಂದು ತಗೊಂಡು ಬಾಳಿಹಣ್ಣಿನ್ಯಾಗ ಇಟ್ಟು ಮಹಾದೇವಿಗೆ ತಿನಿಸಿದೆ. ನನ್ನ ಪಂಕ್ತ್ಯಾಗ ಆಕಿ ಒಬ್ಬಾಕೀನ ಬಿಟ್ಟು ಬಡಸಲೇನು?"

ಸನದಿಯವರು ಶಸ್ತ್ರವೈದ್ಯರಿಗೆ ಫೋನ್ ಹಚ್ಚಿದರು. ಜಠರದಲ್ಲಿರುವುದು ತಮ್ಮ ಕೆಲಸಕ್ಕೆ ಅಡ್ಡ ಬರುವುದಿಲ್ಲ, ತಾನೇ ಬೀಳಲಿ ಬಿಡಿ ಎಂದು ಅವರು ಹೇಳಿದ ಮೇಲೆ ಇವರಿಗೆ ಉಸಿರು ಬಂತು. ಅತ್ತೆಯನ್ನು ಬೈಯಲು ಬಾಯಿ ತೆರೆದರೆ ಅಷ್ಟರಲ್ಲಿ ಅತ್ತೆ ಅವರ ಮುಂದೆ ಮಣೆ ಹಾಕಿ ತಟ್ಟೆಯಿಟ್ಟಾಗಿತ್ತು.

ಆ ಸಾಲಿನಲ್ಲಿ ಕೂತು ಎಡಕ್ಕೆ ಬಲಕ್ಕೆ ನೋಡಿದಾಗ ಸನದಿಯವರಿಗೆ ಎಲ್ಲ ಹೊಳೆಯಿತು. ಗುಳಿಗೆಗಳು ಒಂದರ ಸುದ್ದಿಯನ್ನು ಇನ್ನೊಂದು ದಾಟಿಸುವಾಗ ತೀರಾ ಹತ್ತಿರವಿದ್ದರೆ ಯಾವುದು ಯಾರದೆಂದು ಗೊಂದಲವಾಗಿ, ಎಲ್ಲದರ ಸರಾಸರಿ ತೆಗೆದು ಅದನ್ನೇ ಎಲ್ಲರ ಮಿದುಳಿಗೂ ಹೇಳುತ್ತಿದ್ದವು. ಸಾಲಾಗಿ ಕೂತವರಿಗೆಲ್ಲ ಒಂದೇ ಹಸಿವು, ಒಂದೇ ಸಾಕು.

"ನಾವು ಪರೀಕ್ಷಾ ಮಾಡೂವಾಗ ಒಬ್ಬೊಬ್ಬರನ್ನ ಒಂದೊಂದು ಖೋಲ್ಯಾಗ ಕೂಡಿಸಿ ಉಣಿಸಿದ್ವಿ" ಎಂದರು ಸನದಿಯವರು ನಾಚಿಕೆಯಿಂದ. "ಮಂದಿ ಮಗ್ಗಲದಾಗ ಮಗ್ಗಲ ಹಚ್ಚಿ ಕೂತು ಉಣತಾರ ಅನ್ನೂದು ನಮ್ಮ ಯಾರ ತಲ್ಯಾಗೂ ಬರಲಿಲ್ಲ. ನಾನೂ ಸಣ್ಣಾಕಿದ್ದಾಗ ಒಂದ ದೊಡ್ಡ ತಾಟಿನ ಸುತ್ತ ಕೂತು ಉಂಡಾಕಿ. ನನಗಾರ ನೆನಪಾಗಬೇಕಿತ್ತು."

ಅಡಿವೆಪ್ಪ ಬೇರೆಯದನ್ನೇ ಯೋಚಿಸುತ್ತಿದ್ದ. "ಮೇಡಮ್, ಆ ಅಲುಗಾಡದ ಗೆರಿ ಅಕ್ಕಂದೇನ್ರಿ? ದಿನಾ ಊಟಕ್ಕ ಕೂತ್ರ ನನಗ ಹೊಟ್ಟ್ಯಾಗ ಕಲ್ಲಿಟ್ಟಂಗ ಆಗತಿತ್ತಲ್ಲ, ಅದು ಆಕೀದೇನು?"

"ಹೌದ್ರಿ. ರೋಗದಿಂದ ಆಕಿ ಹೊಟ್ಟಿ ಯಾವಾಗ್ಲೂ ತುಂಬಿದ್ಹಂಗ ಇರತೈತಿ. ಅದರ ಪಾಲು ನಿಮಗೆಲ್ಲಾರಿಗೂ ಬರಾಕತ್ತೈತಿ."

ಅಡಿವೆಪ್ಪ ಅಕ್ಕನ ಕಡೆ ನೋಡಿದ. ತನಗೆ ಬಂದದ್ದು ಐದರಲ್ಲಿ ಒಂದು ಪಾಲು. ಅಷ್ಟಕ್ಕೇ ಅನ್ನ ಬೇಡವಾಗಿತ್ತು. ಅವಳು ಅದನ್ನು ಇಡಿಯಾಗಿ ಹೊತ್ತುಕೊಂಡು, ಮುಖದಲ್ಲಿ ತೋರಿಸದೆ, ದಿನವೂ ಈ ಸಾಲಿನಲ್ಲಿ ಬಂದು ಕೂರುತ್ತಿದ್ದಳು.

"ನಾ ಬ್ಯಾರೆ ಕೂತು ಉಣತೀನಿ ಬಿಡ್ರಿ" ಎಂದಳು ಅಕ್ಕ. "ನನ್ನ ಸಂಕಟ ಇವರಿಗ್ಯಾಕ?"

"ಎದ್ದೀ ಅಂದ್ರ ನೋಡು!" ಎಂದು ಅತ್ತೆ ಸೌಟು ಎತ್ತಿದಳು. ಉಳಿದವರೂ ಒಟ್ಟಿಗೆ ಬೇಡವೆಂದರು.

ಗುಳಿಗೆಗಳನ್ನು ಹೊರಗೆ ತೆಗೆಯುವಂತಿರಲಿಲ್ಲ, ಸಾಲು ಮುರಿಯುವಂತಿರಲಿಲ್ಲ. ಕೊನೆಗೆ ಒಂದು ಒಪ್ಪಂದವಾಯಿತು. ಊಟಕ್ಕೆ ಕೂತ ಕೂಡಲೆ ಮೊದಲು ಕಾಳು, ಝುಣಕ, ಮೊಸರು. ಸಾಕು ಎನಿಸಿದರೂ ಅಡಿವೆಪ್ಪ ತನ್ನ ಬಟ್ಟಲನ್ನು ಔಷಧಿಯಂತೆ ಮುಗಿಸಬೇಕು. ರೊಟ್ಟಿ ಆಮೇಲೆ. ಪಂಕ್ತಿಯಲ್ಲಿ ಯಾರೂ ಸಿಹಿ ಮುಟ್ಟಕೂಡದು. ಒಬ್ಬರು ಮುಟ್ಟಿದರೂ ಹಸಿವು ಎಲ್ಲರಿಗೂ ಏರುತ್ತದೆ.

"ಇದರ ಉಸ್ತುವಾರಿ ನನಗ ಬಿಡ್ರಿ" ಎಂದು ರುದ್ರಗೌಡರು ಎದ್ದು ನಿಂತರು. ಅವರ ಹಳೆಯ ಸೀಟಿ ಪೆಟ್ಟಿಗೆಯಿಂದ ಹೊರಗೆ ಬಂತು. ಅಂದಿನಿಂದ ಹುರುಳಿ ಸಾರಿಗೆ ಒಂದು ಸೀಟಿ, ಮೊಸರಿಗೆ ಎರಡು ಸೀಟಿ. ಊಟದ ನಂತರ ಅಂಗಳದಲ್ಲಿ ಅಕ್ಕನ ಹೊರತು ಎಲ್ಲರಿಗೂ ಕವಾಯತು. ಅತ್ತೆಯೂ ಸೆರಗು ಸಿಕ್ಕಿಸಿಕೊಂಡು ಎಡ ಬಲ ಹಾಕಿದಳು. ಸೋಯಾ ಉಂಡೆಗಳನ್ನು ಮಾತ್ರ ಅವಳು ಕೊನೆಯವರೆಗೂ ಒಪ್ಪಲಿಲ್ಲ, ಸ್ಪಂಜು ಬೇಯಿಸಿ ಬಡಿಸಿದ್ದೀಯೆ ಎಂದು ಕಸ್ತೂರಿಯ ಜೊತೆ ಜಗಳ ತೆಗೆದಳು.

ಇಷ್ಟಾದರೂ ಸಂಜೆಯ ಹಸಿವು ನಿಲ್ಲಲಿಲ್ಲ. ಮಧ್ಯಾಹ್ನವೆಲ್ಲ ತಣ್ಣಗಿದ್ದ ಹೊಟ್ಟೆ ದೀಪ ಹಚ್ಚುವ ಹೊತ್ತಿಗೆ ಹುಚ್ಚೆದ್ದು ಕುಣಿಯುತ್ತಿತ್ತು. ಅಡಿವೆಪ್ಪ ಕರದಂಟಿನ ತಟ್ಟೆಯನ್ನು ದೂರ ಸರಿಸಿದ, ಮೇಲೆ ಬಟ್ಟೆ ಮುಚ್ಚಿದ. ಆದರೂ ಕೈ ಎರಡು ಸಲ ಬಟ್ಟೆಯ ಕೆಳಗೆ ಹೋಯಿತು. ಮೂರನೆಯ ಸಲ ಹೋದಾಗ ಅಕ್ಕನ ಮುಖ ನೆನಪಾಗಿ, ಬಾಯಿಯ ಹತ್ತಿರ ಬಂದ ಚೂರನ್ನು ಅವನು ಅಲ್ಲೇ ಇಟ್ಟ. ಇಟ್ಟ ಮೇಲೆ ಬುದ್ಧಿ ಓಡಿತು. ಇದು ತನ್ನ ಹಸಿವಲ್ಲ. ಮನೆಯಲ್ಲಿ ಯಾರೋ ಕದ್ದು ಸಿಹಿ ತಿನ್ನುತ್ತಿದ್ದಾರೆ.

ಅವನು ಎದ್ದು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮನೆಯೊಳಗೆ ನಡೆದ. ಊಟದ ಮನೆಯ ಕಡೆ ಹೋದರೆ ಹಸಿವು ಇಳಿಯಿತು. ಅಂದರೆ ಅತ್ತೆಯಲ್ಲ, ಅವಳು ಅಲ್ಲೇ ಕಾಳು ಆರಿಸುತ್ತ ಕೂತಿದ್ದಳು. ಹಿತ್ತಿಲ ಕಡೆ ಹೋದರೆ ಇನ್ನಷ್ಟು ಇಳಿಯಿತು, ಅಂದರೆ ಬಟ್ಟೆ ತೆಗೆಯುತ್ತಿದ್ದ ಕಸ್ತೂರಿಯಲ್ಲ. ಅಂಗಡಿಯ ಹಿಂದಿನ ಗೋದಾಮಿನ ಕಡೆ ತಿರುಗಿದ. ಹೊಟ್ಟೆ ಗುರುಗುಟ್ಟಿತು. ಬಾಗಿಲು ದಾಟಿದ. ಕರುಳು ಹಿಂಡಿದಂತಾಯಿತು. ಬೆಲ್ಲದ ಪೆಂಟೆಗಳ ಹತ್ತಿರ ಬಂದಾಗ ಹಸಿವಿನಿಂದ ಕಣ್ಣಿಗೆ ಕತ್ತಲೆಯೇ ಬಂತು.

ಪೆಂಟೆಗಳ ಹಿಂದೆ, ಕೊರಳಲ್ಲಿ ಸೀಟಿ ಹಾಕಿಕೊಂಡು, ಎರಡೂ ಕೈಗಳಲ್ಲಿ ಕರದಂಟು ಹಿಡಿದುಕೊಂಡು ರುದ್ರಗೌಡರು ಕೂತಿದ್ದರು.

"ಮಾಮಾ!" ಎಂದ ಅಡಿವೆಪ್ಪ. ಸಿಟ್ಟು ನೆತ್ತಿಗೇರಿತ್ತು. "ಏನ್ರೀ ಇದು? ನಿಮ್ಮ ಹೆಂಡತಿ ಜೀವದ ಪ್ರಶ್ನೆ ಐತಿ, ನೀವು ಇಲ್ಲಿ ಕೂತು..."

ರುದ್ರಗೌಡರು ನುಂಗಲೂ ಇಲ್ಲ, ಉಗುಳಲೂ ಇಲ್ಲ. ಮೀಸೆಗೆ ಬೆಲ್ಲ ಅಂಟಿತ್ತು. ಕಣ್ಣಲ್ಲಿ ನೀರು ತುಂಬಿತ್ತು.

"ಅಂಜಿಕಿ ಬರತೈತೋ ಅಡಿವೆಪ್ಪಾ" ಎಂದರು. "ಮುಂಜಾನೆಯಿಂದ ಸೀಟಿ ಊದಿಕೋತ ಹೆಂಗೋ ಕಳೀತೀನಿ. ಸಂಜೀಕೆ ಆಕಿ ಸುಸ್ತಾಗಿ ಮಲಗತಾಳಲ್ಲ, ಆ ಮಾರಿ ನೋಡಿದ್ರ ಹೊಟ್ಟಿ ಒಳಗಿಂದ ಬರಿದಾಗಿಬಿಡತೈತಿ. ಏನಾರ ತುರುಕದಿದ್ರ ಜೀವ ಹೋಗತೈತಿ ಅನಸತೈತಿ. ನನ್ನ ರಕ್ತ ಹೊಂದಲಿಲ್ಲ. ನಾ ಏನೂ ಕೊಡಾಕ ಬರವಲ್ದು ಆಕಿಗೆ. ಏನೂ."

ಅಡಿವೆಪ್ಪನ ಸಿಟ್ಟು ಇಳಿದುಹೋಯಿತು. ಇಷ್ಟು ದಿನ ಸಂಜೆ ಸಂಜೆ ತನ್ನ ಹೊಟ್ಟೆಗೆ ಬರುತ್ತಿದ್ದದ್ದು ಬರೀ ಹಸಿವಲ್ಲ, ಈ ಮನುಷ್ಯನ ಭಯ. ತನಗೂ ಅದೇ ಭಯ ಇತ್ತು. ಹೇಳಿಕೊಂಡಿರಲಿಲ್ಲ ಅಷ್ಟೆ. ಅವನು ಬೆಲ್ಲದ ಪೆಂಟೆಯೊಂದನ್ನು ಸರಿಸಿ ಮಾಮಾನ ಪಕ್ಕದಲ್ಲೇ ಕೂತ.

"ಅಂಜಿಕಿ ಬಂದ್ರ ನನ್ನ ಕರೀರಿ ಮಾಮಾ. ನನಗೂ ಬರತೈತಿ. ಇಬ್ಬರೂ ಕೂಡಿ ಅಂಜೂಣು. ಆದ್ರ ಇದನ್ನ ಬಿಟ್ಟು ಪುಟಾಣಿ ತಿನ್ನೂಣು."

ರುದ್ರಗೌಡರು ಮೂಗು ಒರೆಸಿಕೊಂಡರು. "ಪುಟಾಣ್ಯಾಗ ಪ್ರೋಟೀನ್ ಐತೇನು?"

"ಐತ್ರಿ. ಮೇಡಮ್‌ನ ಕೇಳೇನಿ. ಕರದಂಟಿಗಿಂತ ಭಾಳ ಚಲೋ ಅಂತ."

ಅಂದಿನಿಂದ ದಿನವೂ ಸಂಜೆ ಇಬ್ಬರೂ ಜೇಬಿನಲ್ಲಿ ಪುಟಾಣಿಯ, ಅಂದರೆ ಹುರಿಗಡಲೆಯ, ಪೊಟ್ಟಣ ಹಾಕಿಕೊಂಡು ಘಟಪ್ರಭೆಯ ದಂಡೆಯ ಮೇಲೆ ನಡೆಯತೊಡಗಿದರು. ಅಕ್ಕನ ಬಗ್ಗೆ ಮಾತಾಡುವರು, ಅಂಜುವರು, ಪುಟಾಣಿ ಅಗಿಯುವರು. ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಸಂಜೆಯ ಗೆರೆಗಳು ನೆಟ್ಟಗಾದವು. ಏನು ಉಪಾಯ ಮಾಡಿದಿರಿ ಎಂದು ಸನದಿಯವರು ಕೇಳಿದಾಗ ವ್ಯಾಯಾಮ ಎಂದಷ್ಟೇ ಅಡಿವೆಪ್ಪ ಹೇಳಿದ. ಮಾಮಾನ ಮೀಸೆಯ ಮರ್ಯಾದೆ ಉಳಿಯಬೇಕಲ್ಲ!

ಹೊಟ್ಟೆ ಇಳಿಯುತ್ತ ಬಂದಂತೆ ಅಂಗಡಿಯ ವ್ಯಾಪಾರವೂ ಇಳಿಯಿತು. "ಧಣೇರು ಸೊರಗ್ಯಾರ. ಸರಕಿನ್ಯಾಗ ಏನೋ ಐಬು ಐತಿ" ಎಂದು ಗಿರಾಕಿಗಳು ಮುಂದಿನ ಅಂಗಡಿಗೆ ಹೋಗತೊಡಗಿದರು. ಕಸ್ತೂರಿ ಒಂದು ದಿನ ಪೇಂಟರನನ್ನು ಕರೆಸಿ ಬೋರ್ಡು ಬರೆಸಿದಳು. ಹೊಟ್ಟೆ ಮಾಡುತ್ತಿದ್ದ ಕೆಲಸವನ್ನು ಬೋರ್ಡು ಮಾಡಲಿ ಎಂದಳು.

ಮೂರನೆಯ ತಿಂಗಳು ಮುಗಿಯುವ ಮೊದಲೇ ಅಕ್ಕ ಎದ್ದು ಕೂರಲಾರದಂತಾದಳು. ಸ್ಕ್ಯಾನಿನ ಕೋಣೆಯಲ್ಲಿ ಅಡಿವೆಪ್ಪ ಮಲಗಿದ್ದಾಗ ಹೊರಗೆ ಅತ್ತೆ, ಕಸ್ತೂರಿ, ಮಾಮಾ ಕಾಯುತ್ತಿದ್ದರು. ಶಸ್ತ್ರವೈದ್ಯರು ಚಿತ್ರವನ್ನು ಬೆಳಕಿಗೆ ಹಿಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ಹಿಡಿದರು.

"ಯಾರದ್ರಿ ಈ ಲಿವರ್?" ಎಂದರು.

"ನಂದ್ರಿ" ಎಂದ ಅಡಿವೆಪ್ಪ.

"ನಾಳೆ ಅಡ್ಮಿಟ್ ಆಗ್ರಿ. ಇಂಥಾದ್ದ ಬೇಕಾಗಿತ್ತು ನನಗ."

ಶಸ್ತ್ರಚಿಕಿತ್ಸೆಗೆ ಇಡೀ ಹಗಲು ಹಿಡಿಯಿತು. ಅಡಿವೆಪ್ಪನಿಗೆ ಎಚ್ಚರವಾದಾಗ ಗಾಜಿನ ಗೋಡೆಗಳ ಕೋಣೆಯಲ್ಲಿದ್ದ. ಪಕ್ಕದ ಗಾಜಿನ ಕೋಣೆಯಲ್ಲಿ ಅಕ್ಕ, ಮೈತುಂಬ ನಳಿಕೆಗಳು, ಮುಚ್ಚಿದ ಕಣ್ಣು. ಎದುರಿನ ಗಾಜಿನಾಚೆ ಬೆಂಚಿನ ಮೇಲೆ ಅತ್ತೆ, ಕಸ್ತೂರಿ, ಮಾಮಾ ಸಾಲಾಗಿ ಕೂತಿದ್ದರು.

"ಅಕ್ಕ ಎದ್ದಳೇನ್ರಿ?" ಎಂದು ನರ್ಸಮ್ಮನನ್ನು ಕೇಳಿದ.

"ಇನ್ನೂ ಇಲ್ಲ್ರಿ. ನೋಡೂಣು."

ಮರುದಿನವೂ ಅದೇ ಉತ್ತರ. ಅದರ ಮರುದಿನ ಬೆಳಿಗ್ಗೆ 'ನೋಡೂಣು' ಎನ್ನುವಾಗ ನರ್ಸಮ್ಮ ಅವನ ಮುಖ ನೋಡಲಿಲ್ಲ. ಅಡಿವೆಪ್ಪನಿಗೆ ಹೊಲಿಗೆ ಹಾಕಿದ ಕಡೆ ಉರಿ, ಮೇಲೆ ಔಷಧಿಯ ವಾಕರಿಕೆ. ಗಂಜಿಯ ವಾಸನೆ ಬಂದರೂ ಹೊಟ್ಟೆ ತೊಳಸುತ್ತಿತ್ತು. ಗಾಜಿನಾಚೆ ಮನೆಮಂದಿ ಕ್ಯಾಂಟೀನಿನಲ್ಲಿ ತಿಂಡಿ ಮುಗಿಸಿ ಬಂದು ಕೂತರು. ತಿಂದೆವು ಎಂದು ಕಸ್ತೂರಿ ಕೈಸನ್ನೆ ಮಾಡಿದಳು. ಅವನು ಕಣ್ಣು ಮುಚ್ಚಿದ. ತಾನು ತಡ ಮಾಡಿದೆನೇ, ಆ ಎರಡು ಚೂರು ಕರದಂಟು ತಿನ್ನದಿದ್ದರೆ ಒಂದು ವಾರ ಮೊದಲೇ ಆಗುತ್ತಿತ್ತೇ ಎಂದು ಅವನ ಮನಸ್ಸು ಸುಡುತ್ತಿತ್ತು.

ಆಗ ಬಂತು ಹಸಿವು.

ಅಡಿವೆಪ್ಪ ಕಣ್ಣು ತೆರೆದ. ಗಂಟಲಲ್ಲಿ ವಾಕರಿಕೆ ಇದ್ದೇ ಇತ್ತು, ಅದರ ಕೆಳಗೆ ಹಸಿವು. ತನ್ನ ಹಸಿವಿನ ಗುರುತು ಈಗ ಅವನಿಗೆ ಚೆನ್ನಾಗಿತ್ತು, ಅದು ಬೆಲ್ಲದ ವಾಸನೆ ಹೊತ್ತುಕೊಂಡೇ ಬರುತ್ತದೆ. ಮಾಮಾನದು ಧಡಕ್ಕನೆ ಬಂದು ಎದೆ ಹಿಡಿಯುತ್ತದೆ. ಇದು ಅವೆರಡೂ ಅಲ್ಲ. ಬಹಳ ದಿನದ ಮೇಲೆ ತವರಿಗೆ ಬಂದವರು ಹೊಸ್ತಿಲಲ್ಲಿ ನಿಂತು ಒಳಗೆ ಬರಲೇ ಎಂದು ಕೇಳುವಂತೆ ಮೆತ್ತಗೆ ಬಂತು. ತಿಂಗಳುಗಟ್ಟಲೆ 'ಸಾಕು, ಸಾಕು' ಎಂದು ಅಲುಗಾಡದೆ ನಿಂತಿದ್ದ ಆ ಗೆರೆ ಇಳಿಯುತ್ತಿತ್ತು.

ಅವನು ಗಾಜಿನಾಚೆ ನೋಡಿದ. ಏನೋ ಹೇಳುತ್ತಿದ್ದ ಅತ್ತೆ ಅರ್ಧಕ್ಕೇ ನಿಲ್ಲಿಸಿ ಹೊಟ್ಟೆ ಮುಟ್ಟಿಕೊಂಡಳು. ಕಸ್ತೂರಿ ಎದ್ದು ನಿಂತಳು. ಈಗಷ್ಟೇ ತಿಂಡಿ ತಿಂದ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನರ್ಸಮ್ಮಾ, ನಮ್ಮ ಅಕ್ಕ ಎದ್ದಾಳ್ರಿ" ಎಂದ ಅಡಿವೆಪ್ಪ. "ಆಕಿಗೆ ಹಸಿವ್ಯಾಗೈತ್ರಿ. ನೋಡ್ರಿ ಲಗೂನ."

"ಮಲಗ್ರಿ ಸುಮ್ಮ" ಎನ್ನುತ್ತಲೇ ನರ್ಸಮ್ಮ ಪಕ್ಕದ ಗಾಜಿನೊಳಗೆ ಇಣುಕಿದಳು. ಇಣುಕಿದವಳು ಓಡಿದಳು. ಅವಳು ತೆರೆದಿಟ್ಟು ಹೋದ ಬಾಗಿಲಿನಿಂದ ಬೆಂಚಿನ ಕಡೆಯ ಮಾತು ಕೇಳಿಸತೊಡಗಿತು. ರುದ್ರಗೌಡರು ಅಳುತ್ತ, ನಗುತ್ತ, ಅಭ್ಯಾಸಬಲದಿಂದ ಜೇಬಿನ ಪುಟಾಣಿ ಪೊಟ್ಟಣ ಬಿಚ್ಚಿದ್ದರು. ಕೈ ಬಾಯಿಗೆ ಹೋಗುವಷ್ಟರಲ್ಲಿ ಅತ್ತೆಯ ಏಟು ಬಿತ್ತು.

"ತಡೀರಿ ಗೌಡ್ರ!" ಎಂದಳು ಬಸಲಿಂಗವ್ವತ್ತೆ. "ಪಂಕ್ತ್ಯಾಗ ಆಕಿಗೆ ಇನ್ನೂ ಬಡಿಸಿಲ್ಲ."

ರುದ್ರಗೌಡರು ಪೊಟ್ಟಣವನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಅಕ್ಕನ ತಟ್ಟೆ ಬರುವ ತನಕ ಐದೂ ಹೊಟ್ಟೆಗಳು ಗುರುಗುಟ್ಟುತ್ತ ಕಾದವು.